ಚಹಾದ ಒಗರು

ಬಾಳೆಕಾಯಿಯ ಪಲ್ಯ ಮಾಡುವ ದಿನ ಅಡಿಗೆಮನೆಯಲ್ಲಿ ರಸಾಯನಶಾಸ್ತ್ರದ ಒಂದು ಚಿಕ್ಕ ಪ್ರಯೋಗ ನಡೆದೇ ನಡೆಯುತ್ತದೆ. ಅದನ್ನು ಪ್ರಯೋಗವೆಂದು ಯಾರೂ ಕರೆಯುವುದಿಲ್ಲ, ಅಷ್ಟೆ. ಹೆಚ್ಚಿದ ಹೋಳುಗಳನ್ನು ತಕ್ಷಣವೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕದಿದ್ದರೆ ಅವು ಕಂದುಬಣ್ಣಕ್ಕೆ ತಿರುಗುತ್ತವೆ. ಕಬ್ಬಿಣದ ಈಳಿಗೆಮಣೆಯ ಅಲಗು ಕಪ್ಪಾಗುತ್ತದೆ. ಕೈಗೆ ಎಣ್ಣೆ ಸವರಿಕೊಳ್ಳಲು ಮರೆತವರ ಬೆರಳಿನ ಕರೆ ಎಷ್ಟು ತೊಳೆದರೂ ಬೇಗನೆ ಬಿಡುವುದಿಲ್ಲ. ಕಂದು ಒಂದು, ಕಪ್ಪು ಮತ್ತೊಂದು. ಎರಡಕ್ಕೂ ಕಾರಣ ಒಂದೇ ಬಳಗಕ್ಕೆ ಸೇರಿದ ದ್ರವ್ಯಗಳು. ನಾಲಗೆ ಅವುಗಳನ್ನು ಒಗರು ಎಂದು ಗುರುತಿಸುತ್ತದೆ. ಗಾಳಿಯೊಡನೆ ಕೂಡಿದಾಗ ಒಗರು ಕಂದಾಗುತ್ತದೆ, ಕಬ್ಬಿಣದೊಡನೆ ಕೂಡಿದಾಗ ಕಪ್ಪಾಗುತ್ತದೆ.

ಚಹಾದ ಕಥೆಯ ಬಹುಭಾಗ ಈ ಎರಡು ಮಾತುಗಳಲ್ಲಿಯೇ ಅಡಗಿದೆ. ಗಾಳಿಯೊಡನೆ ನಡೆಯುವ ಕೂಟದಿಂದ ಚಹಾಕ್ಕೆ ಬಣ್ಣವೂ ರುಚಿಯೂ ಬಂದಿವೆ. ಕಬ್ಬಿಣದೊಡನೆ ನಡೆಯುವ ಕೂಟವಾದರೋ ಮನುಷ್ಯನ ರಕ್ತಕ್ಕೆ ಸಂಬಂಧಿಸಿದ ವಿಷಯ. ಮೊದಲನೆಯದನ್ನು ಕುರಿತು ಚಹಾದ ವ್ಯಾಪಾರಿಗಳು ನೂರು ವರ್ಷಗಳಿಗೂ ಮೀರಿ ಚಿಂತಿಸಿದ್ದಾರೆ. ಎರಡನೆಯದನ್ನು ಕುರಿತು ವೈದ್ಯರು ಗಂಭೀರವಾಗಿ ಚಿಂತಿಸಲು ತೊಡಗಿ ಐವತ್ತು ವರ್ಷಗಳಾಗಿವೆ.

ಹಿಂದೆ ಮನೆಯಲ್ಲಿಯೇ ಶಾಯಿ ತಯಾರಿಸುತ್ತಿದ್ದವರಿಗೆ ಈ ಎರಡನೆಯ ಸಂಗತಿ ಚೆನ್ನಾಗಿ ತಿಳಿದಿತ್ತು. ಅಳಲೆಕಾಯಿಯನ್ನು ಜಜ್ಜಿ ಕುದಿಸಿ, ಆ ಕಷಾಯದಲ್ಲಿ ಅನ್ನಭೇದಿಯನ್ನು ಕದಡಿದರೆ ತಿಳಿಯಾದ ನೀರು ನೋಡನೋಡುತ್ತ ಮಸಿಯಾಗುತ್ತಿತ್ತು. ಯೂರೋಪಿನವರು ಅಳಲೆಕಾಯಿಯ ಬದಲು ಓಕ್ ಮರದ ಮಾಚಿಕಾಯಿಯನ್ನು ಬಳಸಿ, ಶತಮಾನಗಳ ಕಾಲ ತಮ್ಮ ಗ್ರಂಥಗಳನ್ನೂ ಕರಾರುಪತ್ರಗಳನ್ನೂ ಅದೇ ಬಗೆಯ ಶಾಯಿಯಲ್ಲಿ ಬರೆದರು. ಮಾಚಿಕಾಯಿಗೆ ಇಂಗ್ಲಿಷಿನಲ್ಲಿರುವ ‘ಗಾಲ್’ ಎಂಬ ಹೆಸರಿನಿಂದಲೇ ಗ್ಯಾಲಿಕ್ ಆಮ್ಲಕ್ಕೆ ಆ ಹೆಸರು ಬಂದಿತು. ಇನ್ನು ಅನ್ನಭೇದಿಯೆಂದರೆ ಕಬ್ಬಿಣದ ಒಂದು ಲವಣ, ರಸಾಯನಶಾಸ್ತ್ರಜ್ಞರ ಫೆರಸ್ ಸಲ್ಫೇಟ್. ರಕ್ತಹೀನತೆಗೆ ವೈದ್ಯರು ಕೊಡುವ ಗುಳಿಗೆಗಳಲ್ಲಿ ಅನೇಕಕ್ಕೆ ಇಂದಿಗೂ ಇದೇ ಅನ್ನಭೇದಿಯೇ ಆಧಾರ. ಅಂಥ ಗುಳಿಗೆಯೊಂದನ್ನು ಪುಡಿಮಾಡಿ, ಹಾಲು ಬೆರೆಸದ ಚಹಾದ ಕಷಾಯಕ್ಕೆ ಹಾಕಿ ನೋಡಬಹುದು. ಅಳಲೆಕಾಯಿಯೂ ಬೇಡ, ಮಾಚಿಕಾಯಿಯೂ ಬೇಡ. ಬಟ್ಟಲಿನಲ್ಲಿಯೇ ಶಾಯಿ ಸಿದ್ಧವಾಗುತ್ತದೆ.

ಬಟ್ಟಲಿನಲ್ಲಿ ಆಗುವುದು ಕರುಳಿನಲ್ಲಿಯೂ ಆಗಬಹುದೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಅದಕ್ಕೆ ಉತ್ತರ ಹುಡುಕುವ ಮೊದಲು ಚಹಾದ ಎಲೆಯಲ್ಲಿ ಈ ಒಗರು ಏಕಿದೆ ಎಂಬುದನ್ನು ನೋಡಬೇಕು.

ಎಲೆಯ ಕವಚ

ಚಹಾ ಗಿಡ ಒಗರನ್ನು ಮನುಷ್ಯನಿಗಾಗಿ ಮಾಡಿಟ್ಟುಕೊಂಡದ್ದಲ್ಲ. ಬುಡ ಬಿಟ್ಟು ಕದಲಲಾರದ ಗಿಡಕ್ಕೆ ಹುಳುಹುಪ್ಪಟೆಗಳಿಂದಲೂ ಸೂರ್ಯನ ತೀಕ್ಷ್ಣ ಕಿರಣಗಳಿಂದಲೂ ರಕ್ಷಣೆ ಬೇಕು. ಅದರಲ್ಲಿಯೂ ತುದಿಯ ಮೊಗ್ಗು ಮತ್ತು ಅದರ ಕೆಳಗಿನ ಎರಡು ಎಲೆಗಳು ಎಳೆಯವು, ಮೃದುವಾದವು, ಹುಳುವಿಗೆ ಪ್ರಿಯವಾದವು. ಆದ್ದರಿಂದ ಗಿಡ ತನ್ನ ಕವಚವನ್ನು ಅಲ್ಲಿಯೇ ದಟ್ಟವಾಗಿ ತೊಡಿಸುತ್ತದೆ. ಕೆಟಿಚಿನ್‌ಗಳೆಂದು ಕರೆಯುವ ಒಗರು ದ್ರವ್ಯಗಳು ಎಳೆಯ ಚಿಗುರಿನ ಒಣತೂಕದಲ್ಲಿ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ ಇರುತ್ತವೆ. ಹೆಸರುವಾಸಿಯಾದ ಕೆಫೀನು ಇರುವುದು ನೂರಕ್ಕೆ ಎರಡರಿಂದ ನಾಲ್ಕು ಪಾಲು ಮಾತ್ರ. ಕೀಟವನ್ನು ದೂರವಿಡಲೆಂದು ಗಿಡ ಕೂಡಿಟ್ಟ ಆ ಎರಡು ಎಲೆ, ಒಂದು ಮೊಗ್ಗನ್ನೇ ಮನುಷ್ಯ ಆರಿಸಿ ಆರಿಸಿ ಕೀಳುತ್ತಾನೆ!

ಈ ಒಗರಿನ ಪ್ರಮಾಣ ಬೇಸಾಯಗಾರನ ಕೈಯಲ್ಲಿಯೂ ಇದೆ. ಚಹಾ ಗಿಡದ ಬೇರಿನಲ್ಲಿ ಥಿಯಾನಿನ್ ಎಂಬ ಒಂದು ಅಮೈನೋ ಆಮ್ಲ ತಯಾರಾಗಿ ಎಲೆಗೆ ಏರುತ್ತದೆ. ಅದರ ರುಚಿ ನವಿರು. ಬಿಸಿಲು ಹೆಚ್ಚಿದಂತೆ ಅದು ಕರಗಿ ಕೆಟಿಚಿನ್‌ಗಳ ಭಾಗ ಹೆಚ್ಚುತ್ತದೆ. ಜಪಾನಿನಲ್ಲಿ ಗ್ಯೊಕುರೊ ಎಂಬ ಉತ್ತಮ ಜಾತಿಯ ಚಹಾ ಬೆಳೆಯುವವರು ಕೊಯ್ಲಿಗೆ ಕೆಲವು ವಾರಗಳ ಮೊದಲೇ ತೋಟಕ್ಕೆ ಚಪ್ಪರ ಹಾಸಿ ಬಿಸಿಲನ್ನು ತಡೆಯುವ ಗುಟ್ಟು ಇಷ್ಟೇ. ಚೀನದ ಸಣ್ಣೆಲೆಯ ತಳಿಗಿಂತ ಅಸ್ಸಾಮಿನ ಅಗಲವಾದ ಎಲೆಯ ತಳಿಯಲ್ಲಿ ಕೆಟಿಚಿನ್‌ಗಳು ಹೆಚ್ಚು. ಹಾಲು ಹೊಯ್ದರೂ ಸೋಲದ ಗಟ್ಟಿ ಚಹಾ ಭಾರತದ ಅಭಿರುಚಿಯಾದದ್ದರಲ್ಲಿ ಆ ತಳಿಯ ಕೈವಾಡ ಸಾಕಷ್ಟಿದೆ. ನಮ್ಮ ಚಿಕ್ಕಮಗಳೂರು, ಕೊಡಗುಗಳ ಕೆಲವು ತೋಟಗಳಲ್ಲಿಯೂ ಚಹಾ ಬೆಳೆಯುತ್ತದೆ; ಕಾಫಿಯ ನಾಡಿನಲ್ಲಿ ಅದಕ್ಕೆ ಸಿಕ್ಕಿರುವುದು ನೆಂಟರ ಮನೆಯ ಸ್ಥಾನ ಮಾತ್ರ.

ಪ್ರಯೋಗಶಾಲೆಯ ತಪಸ್ಸು

ಚಹಾದ ಒಗರಿಗೆ ಮೊಟ್ಟಮೊದಲು ಸ್ಪಷ್ಟವಾದ ರೂಪ ಕೊಟ್ಟವಳು ಜಪಾನಿನ ಮಿಚಿಯೊ ತ್ಸುಜಿಮುರ ಎಂಬ ಮಹಿಳೆ. 1888ರಲ್ಲಿ ಜನಿಸಿದ ಈಕೆ 1920ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿಗಳಾಗಿ ಪ್ರವೇಶವಿರಲಿಲ್ಲ. ಆಕೆ ಸಂಬಳವಿಲ್ಲದ ಸಹಾಯಕಿಯಾಗಿ ಸೇರಿ, ರೇಷ್ಮೆಹುಳುವಿನ ಪೋಷಣೆಯನ್ನು ಅಭ್ಯಸಿಸಿದಳು. ಮುಂದೆ ಟೋಕಿಯೋಗೆ ಬಂದಳು. 1923ರ ಭೂಕಂಪದಲ್ಲಿ ಆಕೆ ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆ ನಾಶವಾಯಿತು. ಆ ಬಳಿಕ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ, ಜೀವಸತ್ವಗಳ ಸಂಶೋಧನೆಯಿಂದ ಪ್ರಸಿದ್ಧನಾದ ಉಮೆತಾರೊ ಸುಜುಕಿಯ ಬಳಿ ಚಹಾದ ಅಧ್ಯಯನಕ್ಕೆ ಕೈಹಾಕಿದಳು. 1924ರಲ್ಲಿ ಸಹೋದ್ಯೋಗಿಯೊಡನೆ ಹಸುರು ಚಹಾದಲ್ಲಿ ‘ಸಿ’ ಜೀವಸತ್ವವಿರುವುದನ್ನು ತೋರಿಸಿದಳು. 1929ರಲ್ಲಿ ಕೆಟಿಚಿನನ್ನು ಪ್ರತ್ಯೇಕಿಸಿದಳು. ಮರುವರ್ಷ ಚಹಾದ ಒಗರನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದಳು. 1932ರಲ್ಲಿ ಆಕೆಗೆ ಡಾಕ್ಟೊರೇಟ್ ದೊರೆಯಿತು. ಜಪಾನಿನಲ್ಲಿ ಕೃಷಿವಿಜ್ಞಾನದ ಡಾಕ್ಟರ್ ಪದವಿ ಪಡೆದ ಮೊದಲ ಮಹಿಳೆ ಆಕೆಯೇ. ಬಾಗಿಲಲ್ಲಿ ನಿಲ್ಲಿಸಿದ ವಿಶ್ವವಿದ್ಯಾಲಯಗಳಿಗೆ ಇದಕ್ಕಿಂತ ಮೃದುವಾದ ಉತ್ತರವನ್ನು ಯಾರೂ ಕೊಟ್ಟಿರಲಾರರು.

ಜಪಾನಿನ ಹಸುರು ಚಹಾದಲ್ಲಿ ಎಲೆಯನ್ನು ಕಿತ್ತೊಡನೆ ಹಬೆಗೆ ಹಿಡಿಯುತ್ತಾರೆ. ಕೆಟಿಚಿನ್‌ಗಳು ಬಹುಮಟ್ಟಿಗೆ ಇದ್ದಂತೆಯೇ ಉಳಿಯುತ್ತವೆ. ಭಾರತದ ಕಪ್ಪು ಚಹಾದ ಮಾರ್ಗ ಬೇರೆ. ಅಲ್ಲಿ ಎಲೆಯನ್ನು ಮೊದಲು ಬಾಡಿಸಿ, ಆಮೇಲೆ ಹೊಸೆಯುತ್ತಾರೆ, ಇಲ್ಲವೇ ಯಂತ್ರದ ಹಲ್ಲುಗಳ ನಡುವೆ ಹಿಸುಕಿ ಹರಿದು ಸುರುಳಿಸುತ್ತಾರೆ. ಈ ಎರಡನೆಯ ‘ಸಿ.ಟಿ.ಸಿ.’ ವಿಧಾನ 1930ರ ದಶಕದಲ್ಲಿ ಅಸ್ಸಾಮಿನಲ್ಲಿಯೇ ಹುಟ್ಟಿದ್ದು. ಮನೆಗಳಿಗೆ ಬರುವ ಗುಂಡುಗುಂಡಾದ ಪುಡಿ ಅದರ ಫಲ. ಎಲೆಯ ಜೀವಕೋಶಗಳು ಒಡೆದಾಗ, ಅದುವರೆಗೆ ಬೇರೆಬೇರೆ ಕೋಣೆಗಳಲ್ಲಿದ್ದ ಕೆಟಿಚಿನ್‌ಗಳೂ ಒಂದು ಕಿಣ್ವವೂ ಒಟ್ಟಾಗುತ್ತವೆ; ಗಾಳಿಯ ಆಮ್ಲಜನಕ ಮೂರನೆಯದಾಗಿ ಸೇರುತ್ತದೆ. ಹಸುರು ರಾಶಿ ಗಂಟೆಯೊಂದೆರಡರಲ್ಲಿ ತಾಮ್ರವರ್ಣ ತಾಳುತ್ತದೆ. ಬಾಳೆಕಾಯಿಯ ಹೋಳು ಕಂದಾದಂತೆಯೇ ಇದು. ವ್ಯತ್ಯಾಸವೆಂದರೆ ಅಡಿಗೆಯವರು ಅದನ್ನು ತಡೆಯಲು ಮಜ್ಜಿಗೆಯ ನೀರು ಹುಡುಕುತ್ತಾರೆ, ಚಹಾ ಕಾರ್ಖಾನೆಯವನು ಅದನ್ನೇ ಕಾದು ಕುಳಿತು, ತಕ್ಕ ಕ್ಷಣದಲ್ಲಿ ಬಿಸಿಗಾಳಿಯಿಂದ ನಿಲ್ಲಿಸುತ್ತಾನೆ. ಕಾರ್ಖಾನೆಗಳಲ್ಲಿ ಇದಕ್ಕೆ ‘ಹುಳಿಯಿಸುವಿಕೆ’ ಎಂಬರ್ಥದ ಹೆಸರು ಇಂದಿಗೂ ಉಳಿದಿದೆ. ದೋಸೆಯ ಹಿಟ್ಟಿನಲ್ಲಿ ಕೆಲಸ ಮಾಡುವಂಥ ಸೂಕ್ಷ್ಮಜೀವಿಗಳಿಗೆ ಇಲ್ಲಿ ಪಾತ್ರವಿಲ್ಲವಾದ್ದರಿಂದ ಆ ಹೆಸರು ತಪ್ಪು. ಆದರೆ ತಪ್ಪು ಹೆಸರುಗಳಿಗೆ ಆಯುಸ್ಸು ಹೆಚ್ಚು.

ಈ ಕಂದಾಗುವಿಕೆಯ ಅಧ್ಯಯನಕ್ಕೆ ಕೇಂದ್ರವಾದದ್ದು ಅಸ್ಸಾಮಿನ ಜೋರ್ಹಾಟಿನ ಬಳಿ 1911ರಲ್ಲಿ ಸ್ಥಾಪಿತವಾದ ಟೊಕ್ಲಾಯ್ ಪ್ರಯೋಗ ಕೇಂದ್ರ. ಅಲ್ಲಿ ಕೆಲಸ ಮಾಡಿದ ಇ. ಎ. ಎಚ್. ರಾಬರ್ಟ್ಸ್ ಎಂಬ ರಸಾಯನಶಾಸ್ತ್ರಜ್ಞ 1950ರ ದಶಕದಲ್ಲಿ ಕಪ್ಪು ಚಹಾದ ಬಣ್ಣವನ್ನು ಎರಡು ಪಂಗಡಗಳಾಗಿ ವಿಂಗಡಿಸಿದ. ಹೊಳೆಯುವ ಹೊಂಬಣ್ಣದ ಥಿಯಾಫ್ಲೇವಿನ್‌ಗಳು ಒಂದು. ಮಂದವಾದ ಕೆಂಗಂದಿನ ಥಿಯಾರುಬಿಜಿನ್‌ಗಳು ಇನ್ನೊಂದು. ಮೊದಲನೆಯವು ಕಪ್ಪು ಚಹಾದ ಪುಡಿಯಲ್ಲಿ ನೂರಕ್ಕೆ ಒಂದೆರಡು ಪಾಲು ಇದ್ದರೂ, ಬಟ್ಟಲಿನ ಕಳೆಯೂ ಬಾಯಿಗೆ ಹಿಡಿಯುವ ಚುರುಕೂ ಬಹುಮಟ್ಟಿಗೆ ಅವುಗಳದೇ. ಕೆಟಿಚಿನ್‌ಗಳ ಅಣುಗಳು ಹೀಗೆ ಎರಡೆರಡಾಗಿಯೂ ಹಲವಾಗಿಯೂ ಕೂಡಿಕೊಂಡು ರೂಪ ಬದಲಿಸಿದರೂ, ಅವುಗಳಲ್ಲಿ ಅನೇಕದ ಬಾಲಕ್ಕೆ ಅಂಟಿದ ಗ್ಯಾಲಿಕ್ ಆಮ್ಲದ ಭಾಗ ಹಾಗೆಯೇ ಉಳಿಯುತ್ತದೆ. ಕಬ್ಬಿಣವನ್ನು ಹಿಡಿಯುವ ಕೊಂಡಿ ಅದೇ.

ಕರುಳಿನಲ್ಲಿ ನಡೆಯುವುದು

1975ರಲ್ಲಿ ದಕ್ಷಿಣ ಆಫ್ರಿಕದ ವೈದ್ಯವಿಜ್ಞಾನಿಗಳ ಒಂದು ತಂಡ, ಊಟದೊಡನೆ ಕುಡಿದ ಚಹಾ ಆಹಾರದ ಕಬ್ಬಿಣವನ್ನು ದೇಹಕ್ಕೆ ದಕ್ಕಗೊಡುವುದಿಲ್ಲವೆಂದು ಪ್ರಕಟಿಸಿತು. ಬ್ರೆಡ್ಡಾಗಲಿ, ಅನ್ನದ ಊಟವಾಗಲಿ, ಕಬ್ಬಿಣದ ಲವಣದ ದ್ರಾವಣವೇ ಆಗಲಿ, ಫಲಿತಾಂಶ ಒಂದೇ ದಿಕ್ಕಿನಲ್ಲಿತ್ತು. 1989ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗಿನ ಸಂಶೋಧಕರು ಬೇರೆಬೇರೆ ಒಗರು ದ್ರವ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ, ಗ್ಯಾಲಿಕ್ ಆಮ್ಲದ ಆ ಕೊಂಡಿ ಎಷ್ಟಿದೆಯೋ ಅಷ್ಟರಮಟ್ಟಿಗೆ ಕಬ್ಬಿಣ ಕೈತಪ್ಪುವುದೆಂದು ತೋರಿಸಿದರು. ಹಳೆಯ ಶಾಯಿಯ ರಹಸ್ಯವೇ ಇಲ್ಲಿಯೂ ಕಾಣಿಸಿಕೊಂಡಿತು.

ಹಾಲು ಬೆರೆಸಿದರೆ ದೋಷ ಹೋಗುವುದಿಲ್ಲವೇ ಎಂದು ಭಾರತೀಯರು ಕೇಳುವುದು ಸಹಜ. ಹಾಲಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುವುದರಿಂದಲೇ ಅಲ್ಲವೇ ಹಾಲಿನ ಚಹಾ ನಾಲಗೆಗೆ ಮೆದುವಾಗುವುದು? ಈ ಆಸೆಯನ್ನು 1999ರ ಒಂದು ಅಧ್ಯಯನ ಕಳೆದುಹಾಕಿತು. ಬ್ರೆಡ್ಡಿನ ಊಟದೊಡನೆ ಕಪ್ಪು ಚಹಾ ಕುಡಿದವರಲ್ಲಿ ಕಬ್ಬಿಣದ ಹೀರಿಕೆ ಚಹಾದ ಗಟ್ಟಿತನಕ್ಕೆ ತಕ್ಕಂತೆ ನೂರಕ್ಕೆ 79ರಿಂದ 94ರಷ್ಟು ತಗ್ಗಿತ್ತು. ಹಾಲು ಬೆರೆಸಿದರೂ ಆ ಅಂಕಿ ಹೆಚ್ಚುಕಡಿಮೆ ಕದಲಲಿಲ್ಲ.

ಇವೆಲ್ಲ ಹೊರನಾಡಿನ ಮಾತಾಯಿತು. ಅನ್ನ ಉಣ್ಣುವ ಭಾರತದ ಹೆಣ್ಣುಮಕ್ಕಳ ವಿಷಯವನ್ನು ಬೆಂಗಳೂರಿನಲ್ಲಿಯೇ ಪರೀಕ್ಷಿಸಿದ್ದಾರೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳ ಸಹಯೋಗದಲ್ಲಿ ನಡೆಸಿದ ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಇಪ್ಪತ್ತು ಯುವತಿಯರು ಇದರಲ್ಲಿ ಭಾಗವಹಿಸಿದರು. ಹತ್ತು ಮಂದಿ ರಕ್ತಹೀನತೆಯುಳ್ಳವರು, ಹತ್ತು ಮಂದಿ ಆರೋಗ್ಯವಂತರು. ಅವರಿಗೆ ಬಡಿಸಿದ ಅನ್ನದ ಊಟದಲ್ಲಿದ್ದ ಕಬ್ಬಿಣ ಗುರುತು ಹಾಕಿದ ಕಬ್ಬಿಣ. ಅಂದರೆ ಪ್ರಕೃತಿಯಲ್ಲಿ ವಿರಳವಾದ, ವಿಕಿರಣದ ಅಪಾಯವಿಲ್ಲದ ಸಮಸ್ಥಾನಿಗಳು. ಕರುಳು ಹೀರಿದ ಕಬ್ಬಿಣ ಎರಡು ವಾರಗಳಲ್ಲಿ ಹೊಸ ಕೆಂಪು ರಕ್ತಕಣಗಳನ್ನು ಸೇರುತ್ತದೆ. ಹದಿನಾಲ್ಕು ದಿನಗಳ ಬಳಿಕ ಒಂದಿಷ್ಟು ರಕ್ತ ತೆಗೆದು, ಅದರಲ್ಲಿ ಗುರುತಿನ ಕಬ್ಬಿಣ ಎಷ್ಟಿದೆಯೆಂದು ಅಳೆದರೆ ಉಂಡದ್ದರಲ್ಲಿ ದಕ್ಕಿದ್ದೆಷ್ಟು ಎಂಬ ಲೆಕ್ಕ ಸಿಕ್ಕುತ್ತದೆ. ಊಟದೊಡನೆ ಒಂದು ಬಟ್ಟಲು ಚಹಾ ಕುಡಿದಾಗ ಆರೋಗ್ಯವಂತರಲ್ಲಿ ಹೀರಿಕೆ ನೂರಕ್ಕೆ 59ರಷ್ಟು, ರಕ್ತಹೀನರಲ್ಲಿ 49ರಷ್ಟು ಕುಸಿದಿತ್ತು. ಎರಡು ಬಟ್ಟಲಾದಾಗ ಇಬ್ಬರದೂ ಒಂದೇ ಹಾದಿ: 67 ಮತ್ತು 66.

ಕೊನೆಯ ಅಂಕಿಯನ್ನು ಗಮನಿಸಬೇಕು. ಕಬ್ಬಿಣದ ಕೊರತೆಯುಳ್ಳ ದೇಹ ಹಸಿದ ದೇಹ. ಸಿಕ್ಕಿದ ಕಬ್ಬಿಣವನ್ನು ಅದು ಬೇರೆಯವರಿಗಿಂತ ಹೆಚ್ಚಾಗಿಯೇ ಎಳೆದುಕೊಳ್ಳುತ್ತದೆ. ಅಷ್ಟು ಹಸಿವಿದ್ದರೂ ಎರಡು ಬಟ್ಟಲು ಚಹಾದ ಮುಂದೆ ಅದರ ಆಟ ನಡೆಯಲಿಲ್ಲ. ಯಾರಿಗೆ ಬೇಕಾಗಿದೆಯೋ ಅವರಿಗೂ ಚಹಾ ರಿಯಾಯಿತಿ ತೋರಿಸುವುದಿಲ್ಲ.

ಮಾಂಸದಲ್ಲಿನ ಕಬ್ಬಿಣ ಬೇರೊಂದು ರೂಪದಲ್ಲಿರುವುದರಿಂದ ಚಹಾದ ಬಾಧೆ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಸೊಪ್ಪು, ಬೇಳೆ, ರಾಗಿ, ಅಕ್ಕಿಗಳನ್ನೇ ನಂಬಿದ ಮನೆಗಳಲ್ಲಿ ಕಬ್ಬಿಣವೆಲ್ಲ ಸಸ್ಯದ್ದು; ಅದು ಮೊದಲೇ ಕಷ್ಟಪಟ್ಟು ದಕ್ಕುವಂಥದು. ಗಂಡಸರಿಗೆ ಈ ನಷ್ಟ ಅಷ್ಟಾಗಿ ತೋರದು. ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ, ಮಕ್ಕಳನ್ನು ಹೆರುವ ಹೆಣ್ಣಿಗೆ ಪ್ರತಿಯೊಂದು ಮಿಲಿಗ್ರಾಮೂ ಲೆಕ್ಕಕ್ಕೆ ಬರುತ್ತದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಈ ಸಂಖ್ಯೆ 47.8.

ಚಹಾದ ತವರಾದ ಅಸ್ಸಾಮಿನಲ್ಲಿ 65.9. ಅಲ್ಲಿಯ ತೋಟಗಳಲ್ಲಿ ಚಿಗುರು ಕೀಳುವ ಕೈಗಳು ಬಹುಪಾಲು ಹೆಂಗಸರವು. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಿಕೊಳ್ಳಲು ಅವರು ಕೆಲಸದ ನಡುವೆ ಕುಡಿಯುವುದು ಉಪ್ಪು ಬೆರೆಸಿದ, ಹಾಲಿಲ್ಲದ ಚಹಾ. ಅವರ ರಕ್ತಹೀನತೆಯ ಹೊಣೆಯನ್ನು ಪೂರ್ತಿಯಾಗಿ ಚಹಾದ ತಲೆಗೆ ಕಟ್ಟುವುದು ಅನ್ಯಾಯವಾದೀತು. ಬಡತನದ ಊಟ, ಕೊಕ್ಕೆಹುಳು, ಮಲೇರಿಯ, ಮೇಲಿಂದ ಮೇಲೆ ಬರುವ ಬಸಿರು ಇವೆಲ್ಲವೂ ಅಲ್ಲಿ ಪಾಲುದಾರರೇ. ಆದರೂ ಪಟ್ಟಣದ ಲೋಟಕ್ಕೆ ಕೆಂಪು ಬಣ್ಣ ಒದಗಿಸುವವರ ರಕ್ತವೇ ಬಿಳುಪೇರಿರುವುದು ಸಮೀಕ್ಷೆಯ ಒಣ ಅಂಕಿಯಲ್ಲಿಯೂ ಮನಸ್ಸಿಗೆ ತಾಗದೆ ಇರದು.

ಕಾಫಿಯವರ ಸರದಿ

ಇಷ್ಟು ಹೊತ್ತು ಓದಿದ ಕಾಫಿಪ್ರಿಯರು ಮೀಸೆಯಡಿಯಲ್ಲಿ ನಗುತ್ತಿರಬಹುದು. ಅವರ ನಗು ಬಹಳ ಕಾಲ ನಿಲ್ಲಲಾರದು. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾಂಸದ ವಡೆಯಿಟ್ಟ ಬನ್ನಿನ ಊಟದೊಡನೆ ಕೊಟ್ಟ ಚಹಾ ಕಬ್ಬಿಣದ ಹೀರಿಕೆಯನ್ನು ನೂರಕ್ಕೆ 64ರಷ್ಟು ತಗ್ಗಿಸಿದರೆ, ಕಾಫಿ 39ರಷ್ಟು ತಗ್ಗಿಸಿತ್ತು. ಕಾಫಿಗೆ ಅಪರಾಧದಲ್ಲಿ ಸಣ್ಣ ಪಾಲು, ಅಷ್ಟೆ. ಇಲ್ಲಿ ತಪ್ಪಿತಸ್ಥ ಕೆಫೀನಲ್ಲ. ಕಾಫಿಯದೂ ಒಗರಿನ ಬಳಗದ ದ್ರವ್ಯವೇ.

ಈ ಅಧ್ಯಯನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಕೆಡಿಸಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದದ್ದು, ಜೊತೆಯಲ್ಲಿ ಕುಡಿದಷ್ಟೇ ಕೆಡಿಸಿತು. ಹೊಟ್ಟೆಯಲ್ಲಿ ಅನ್ನ ಇನ್ನೂ ಇತ್ತಲ್ಲ! 2017ರಲ್ಲಿ ಇಂಗ್ಲೆಂಡಿನ ಚೆಸ್ಟರ್ ವಿಶ್ವವಿದ್ಯಾಲಯದವರು ಚಹಾವನ್ನು ಗಂಜಿಯಂಥ ಆಹಾರದೊಡನೆ ಪರೀಕ್ಷಿಸಿದಾಗ ಫಲ ಸ್ವಲ್ಪ ಬೇರೆಯಾಗಿ ಬಂದಿತು. ಜೊತೆಯಲ್ಲಿ ಕುಡಿದಾಗ ಹೀರಿಕೆ ನೂರಕ್ಕೆ 37ರಷ್ಟು ತಗ್ಗಿತ್ತು; ಒಂದು ಗಂಟೆ ತಡೆದು ಕುಡಿದಾಗ ಆ ನಷ್ಟದಲ್ಲಿ ಬಹಳಷ್ಟು ತಪ್ಪಿತ್ತು. ಊಟ ಬೇರೆ, ಪಾನೀಯ ಬೇರೆ, ಜನ ಬೇರೆ. ಆದ್ದರಿಂದ ಎರಡೂ ನಿಜವಿರಬಹುದು. ಹೊತ್ತು ಮುಖ್ಯವೆಂಬುದರಲ್ಲಂತೂ ಎರಡಕ್ಕೂ ಒಮ್ಮತವಿದೆ. ಅಂತರ ಹೆಚ್ಚಿದಷ್ಟೂ ಕ್ಷೇಮ.

ಹಾಗೆಂದು ಚಹಾವನ್ನು ಮನೆಯಿಂದ ಹೊರಗಟ್ಟಬೇಕೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಬ್ರಿಟನ್ನಿನ ಸುಮಾರು ಐದು ಲಕ್ಷ ಮಂದಿಯನ್ನು ಹಲವು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದಿನಕ್ಕೆ ಎರಡು ಬಟ್ಟಲು ಅಥವಾ ಹೆಚ್ಚು ಚಹಾ ಕುಡಿಯುವವರ ಸಾವಿನ ಸಂಭವ ಕುಡಿಯದವರಿಗಿಂತ ನೂರಕ್ಕೆ 9ರಿಂದ 13ರಷ್ಟು ಕಡಿಮೆಯೆಂದು ಕಂಡುಬಂದಿತು. ಇದು ಚಹಾದ ಮಹಿಮೆಯೋ, ಚಹಾ ಕುಡಿಯುವವರ ಇತರ ಅಭ್ಯಾಸಗಳ ಮಹಿಮೆಯೋ ಎಂಬುದನ್ನು ಇಂಥ ಗಣನೆ ನಿರ್ಣಯಿಸಲಾರದು. ಅಂಗಡಿಗಳಲ್ಲಿ ಹಸುರು ಚಹಾದ ಡಬ್ಬಿಯ ಮೇಲೆ ಅಚ್ಚಾಗುವ ಆಶ್ವಾಸನೆಗಳನ್ನು ಓದುವಾಗ ಇದು ನೆನಪಿರಬೇಕು. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿ 2016ರಲ್ಲಿ ಹೇಳಿತು. ಅಲ್ಲಿ ದೋಷ ಚಹಾದ್ದಲ್ಲ, ಆತುರದ್ದು.

ಒಬ್ಬರಿಗೆ ಕಂಟಕವಾದದ್ದು ಮತ್ತೊಬ್ಬರಿಗೆ ಮದ್ದಾಗುವುದೂ ಉಂಟು. ಹುಟ್ಟಿನಿಂದಲೇ ದೇಹ ಮಿತಿಮೀರಿ ಕಬ್ಬಿಣ ಹೀರಿ ಯಕೃತ್ತಿನಲ್ಲಿ ತುಂಬಿಕೊಳ್ಳುವ ಒಂದು ವ್ಯಾಧಿಯಿದೆ. ಅಂಥ ರೋಗಿಗಳಿಂದ ಆಗಾಗ ರಕ್ತ ತೆಗೆಯುವುದೇ ಚಿಕಿತ್ಸೆ. 1998ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಇಂಥವರು ವರ್ಷವಿಡೀ ಊಟದೊಡನೆ ಚಹಾ ಕುಡಿದಾಗ ಕಬ್ಬಿಣದ ಶೇಖರಣೆ ನಿಧಾನವಾದದ್ದು ಕಂಡುಬಂದಿತು.

ಬೆಂಗಳೂರಿನ ಅಧ್ಯಯನಕ್ಕೆ ಇನ್ನರ್ಧ ಭಾಗವಿತ್ತು. ಅದೇ ಬಗೆಯ ಅನ್ನದ ಊಟಕ್ಕೆ ‘ಸಿ’ ಜೀವಸತ್ವವನ್ನು ಸೇರಿಸಿ ಕೊಟ್ಟಾಗ ಕಬ್ಬಿಣದ ಹೀರಿಕೆ ಎರಡೂವರೆ ಪಟ್ಟಿಗೂ ಮಿಗಿಲಾಯಿತು. ರಕ್ತಹೀನರಲ್ಲಿಯೂ ಆಯಿತು, ಆರೋಗ್ಯವಂತರಲ್ಲಿಯೂ ಆಯಿತು. ತ್ಸುಜಿಮುರ ಹಸುರು ಚಹಾದಲ್ಲಿ ಕಂಡ ಆ ಜೀವಸತ್ವ ಕಪ್ಪು ಚಹಾದ ತಯಾರಿಕೆಯಲ್ಲಿ ಬಹುಮಟ್ಟಿಗೆ ನಷ್ಟವಾಗುತ್ತದೆ. ಆದರೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಗಳಲ್ಲಿ ಯಥೇಚ್ಛವಾಗಿದೆ. ಚಿತ್ರಾನ್ನಕ್ಕೆ ಹಿಂಡುವ ನಿಂಬೆ, ಸೊಪ್ಪಿನ ಪಲ್ಯದ ಪಕ್ಕದಲ್ಲಿರುವ ನೆಲ್ಲಿಕಾಯಿಯ ತಂಬುಳಿ ರುಚಿಗೆಂದು ಬಂದವು; ಕಬ್ಬಿಣದ ಕೆಲಸವನ್ನೂ ಮಾಡಿಕೊಡುತ್ತಿವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗದರ್ಶಿಯಲ್ಲಿ, ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲೂ ಒಂದು ಗಂಟೆ ಅನಂತರವೂ ಚಹಾ ಕಾಫಿಗಳು ಬೇಡವೆಂದು ಸಲಹೆ ಮಾಡಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ದಿನಕ್ಕೊಂದರಂತೆ ಕೊಡುವ ಗುಳಿಗೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ. ಅದನ್ನು ಕೈಗಿಡುವವರು ‘ನೀರಿನಲ್ಲಿ ನುಂಗಮ್ಮ’ ಎನ್ನುವುದರ ಜೊತೆಗೆ ‘ಚಹಾದಲ್ಲಿ ಬೇಡ’ ಎಂಬ ಎರಡು ಮಾತನ್ನೂ ಸೇರಿಸಬೇಕಾದದ್ದು ಇದಕ್ಕಾಗಿಯೇ. ಮಧ್ಯಾಹ್ನದ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಬರುವ ಸಂಜೆಯ ಚಹಾಕ್ಕೆ ಈ ಅಧ್ಯಯನಗಳಲ್ಲಿ ಯಾವುದರ ಆಕ್ಷೇಪಣೆಯೂ ಇಲ್ಲ; ಆಕ್ಷೇಪಣೆಯಿರುವುದು ಬೆಳಿಗ್ಗೆ ಉಪ್ಪಿಟ್ಟು, ಅವಲಕ್ಕಿಗಳ ತಟ್ಟೆಯ ಪಕ್ಕದಲ್ಲಿಯೇ ಬಂದು ಕೂರುವ ಲೋಟಕ್ಕೆ.